ಮಾವನ ಮತ ಮಾವನಿಗೆ, ದೋಟಿ ಇಬ್ಬರಿಗೂ

ನನ್ನೊಡನೆ ರಾಜಕೀಯದ ಮಾತು ಬೆಳೆದು ಕುಟುಂಬದ ವಾಟ್ಸಾಪ್ ಗುಂಪಿನಿಂದ ನನ್ನ ಸೋದರಮಾವ ಹೊರನಡೆದಾಗ ಚಿಕ್ಕಮ್ಮ, ‘ಇನ್ನು ಇವರಿಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು ಸುಳ್ಳು’ ಎಂದಿದ್ದರು. ನೆಂಟರೆಲ್ಲ ಅದನ್ನು ನಂಬಿದ್ದರು. ಈ ಮಳೆಗಾಲದಲ್ಲಿ ಮಾವ ನಮ್ಮ ಮನೆಯಲ್ಲಿ ವಾರಗಟ್ಟಲೆ ಉಳಿದು ಹೋದರು. ಅವರ ರಾಜಕೀಯ ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ. ಇದು ಆಗುವುದಿಲ್ಲ ಎಂದವರೇ ಈಗ ಹೇಗಾಯಿತು ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕು, ಇಬ್ಬರದೂ ಅಡಿಕೆ ತೋಟ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾಗ ಮಾವ ಅದನ್ನು ಸ್ವಾಗತಿಸಿದರು. ನಾನು ವಿರೋಧಿಸಿದೆ. ಮಾತು ಬೆಳೆಯಿತು. ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಎರಡನೆಯ ಮದ್ದಿನ ಹೊತ್ತಿಗೆ, ಒಬ್ಬರ ತೋಟದ ಕೆಲಸಕ್ಕೆ ಇನ್ನೊಬ್ಬರು ಹೋಗುವ ನಮ್ಮ ಮುಯ್ಯಾಳು ನಿಂತುಹೋಗಿತ್ತು. ಕೊರೊನಾ ಕಾಲ, ಮರ ಹತ್ತುವವರು ಕೇಳಿದಷ್ಟು ಕೂಲಿ ಕೊಟ್ಟರೂ ಬರುತ್ತಿರಲಿಲ್ಲ. ಅಡಿಕೆ ಉದುರಿಸುವ ಕೊಳೆ ರೋಗ ಬಂತು. ಸುಮಾರು ಮೂರು ಕ್ವಿಂಟಾಲ್‌ನಷ್ಟು ಅಡಿಕೆ ಉದುರಿರಬೇಕು. ಆಗಿನ ರಾಶಿ ಅಡಿಕೆಯ ದರದಲ್ಲಿ ಲಕ್ಷದ ಮೇಲೆ. ಮಾವನ ತೋಟದಲ್ಲಿ ನಮಗಿಂತ ಹೆಚ್ಚೇ ಹೋಯಿತು.

ಮೊದಲು ಎಲ್ಲರೂ ಹೇಳುವ ಉಪಾಯವನ್ನೇ ಹಿಡಿದೆ: ರಾಜಕೀಯ ಮಾತಾಡಬಾರದು. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ ಎಂದು ಖಚಿತವಾಗಿ ಹೇಳುತ್ತೇನೆ. ರಾಜಕೀಯ ಬಿಟ್ಟರೆ ಮಾವನಿಗೆ ಮಳೆಯ ಮಾತೂ ಬೇಡ. ಮಳೆಯಿಂದ ಬೆಳೆ ವಿಮೆ, ವಿಮೆಯಿಂದ ಸರ್ಕಾರ. ಅವರು ಅಲ್ಲಿಗೆ ಬಂದೇ ಬರುತ್ತಾರೆ. ಬಾಯಿ ಕಟ್ಟಿ ಕೂತ ಆ ಕೆಲವು ತಿಂಗಳಲ್ಲಿ ಇಬ್ಬರೂ ಅಪರಿಚಿತರಾದೆವು. ಆಮೇಲೆ ದಂಡದ ಡಬ್ಬಿ ಇಟ್ಟೆವು: ಯಾವ ನಾಯಕರನ್ನಾದರೂ ಹೆಸರೆತ್ತಿ ಬೈದರೆ ಐವತ್ತು ರೂಪಾಯಿ. ಮಾವ ಬರುತ್ತಲೇ ಐನೂರರ ನೋಟು ಹಾಕಿ ಬೈಯಲು ಕೂತರು. ಎರಡೋ ಮೂರೋ ಸಾವಿರ ಕೂಡಿತು, ಸಿಟ್ಟು ಇಳಿಯಲಿಲ್ಲ. ಪತ್ರಿಕೆ ಅದಲುಬದಲು ಮಾಡಿಕೊಂಡದ್ದು ಅರ್ಧ ಫಲಿಸಿತು: ಅವರು ತರಿಸುವುದನ್ನು ನಾನು, ನಾನು ತರಿಸುವುದನ್ನು ಅವರು ಓದಬೇಕು. ಮಾವ ಸಂಪಾದಕೀಯ ಪುಟವನ್ನು ದಾಟಿಸಿ ಅಡಿಕೆ ಧಾರಣೆ ಓದುತ್ತಿದ್ದರು. ಆದರೂ ಆ ನೆಪದಲ್ಲಿ ವಾರಕ್ಕೊಮ್ಮೆ ಭೇಟಿಯಾಗುತ್ತಿತ್ತು. ಭೇಟಿಗೆ ನೆಪ ಬೇಕು, ಅದೂ ತಪ್ಪಿಸಿಕೊಳ್ಳಲಾಗದ ನೆಪ ಬೇಕು ಎಂದು ನನಗೆ ಹೊಳೆದದ್ದು ಅಲ್ಲಿಯೇ.

ನೆಲದ ಮೇಲೆ ನಿಂತೇ ಮರದ ತುದಿಗೆ ಮದ್ದು ಹೊಡೆಯುವ ಉದ್ದನೆಯ ಕೋಲು, ಕಾರ್ಬನ್ ಫೈಬರ್ ದೋಟಿ, ಆಗ ಎಪ್ಪತ್ತು–ಎಂಬತ್ತು ಸಾವಿರದ ಆಸುಪಾಸಿನಲ್ಲಿತ್ತು. ನಾನೊಬ್ಬನೇ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಅತ್ತೆಯ ಕೈಯಲ್ಲಿ ಹೇಳಿ ಕಳಿಸಿದೆ: ಅರ್ಧ ಹಣ ಮಾವನದು, ಅರ್ಧ ನನ್ನದು. ದೋಟಿ ಅವರ ಮನೆಯಲ್ಲಿ, ಪಂಪು ನಮ್ಮ ಮನೆಯಲ್ಲಿ. ಒಬ್ಬರ ಸಾಮಾನು ಇಲ್ಲದೆ ಇನ್ನೊಬ್ಬರ ತೋಟಕ್ಕೆ ಕೊಳೆ ತಡೆಯುವ ಬೋರ್ಡೋ ಮದ್ದು ಇಲ್ಲ. ಹಟಮಾರಿಯಾದ ಮಾವನನ್ನು ಒಪ್ಪಿಸಲು ಅತ್ತೆಗೆ ಏನು ಹೇಳಿಕೊಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಾವ ಇದನ್ನು ಓದುತ್ತಾರೆ, ಇನ್ನೂ ಆ ಉಪಾಯದಿಂದ ನನಗೆ ಕೆಲಸವಿದೆ.

ಮೊದಲ ದಿನ ಬೋರ್ಡೋ ಕಲಸುವಾಗ ಮಾವ ಮೈಲುತುತ್ತಿನ ನೀರಿಗೆ ಸುಣ್ಣ ಸಾಲದು ಎಂದರು. ನಾನು ಸಾಕು ಎಂದೆ. ಅವರು ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದು ತೋರಿಸಿದರು, ಅಲಗು ಕೆಂಪಾಗಿತ್ತು, ಎಂದರೆ ಸುಣ್ಣ ಸಾಲದು. ‘ನೋಡು ಅಳಿಯ, ಇದಕ್ಕೆ ಯಾವ ಪಕ್ಷವೂ ಇಲ್ಲ’ ಎಂದರು. ಆ ದಿನ ಮನಸ್ಸು ಹಗುರಾಯಿತು. ನಾನು ಚಿಕ್ಕವನಿದ್ದಾಗ ಅವರು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದವರು. ಅವರ ಮೇಲಿನ ಪ್ರೀತಿ ಎಲ್ಲೂ ಹೋಗಿರಲಿಲ್ಲ.

ದೋಟಿಯಿಂದ ಮಾತು ಶುರುವಾಯಿತು. ಒಳಗಿನ ಗಂಟು ಸಡಿಲವಾದದ್ದು ಅಜ್ಜನ ಕಾಗದಪತ್ರವಿದ್ದ ಟ್ರಂಕಿನಿಂದ. ಭೂ ಸುಧಾರಣೆಯ ಬಗ್ಗೆ ವಾದ ಮಾಡುವುದನ್ನು ನಿಲ್ಲಿಸಿ, ‘ಮಾವ, ಅಜ್ಜನ ಕಾಗದಪತ್ರ ಇದ್ದರೆ ತೋರಿಸಿ’ ಎಂದೆ. ಗೇಣಿ ರಸೀದಿಗಳು, ಪಹಣಿಗಳು, ಭೂ ನ್ಯಾಯಮಂಡಳಿಯ ನೋಟಿಸು, ಉಳುವ ಭೂಮಿ ತಮಗೆ ಬೇಕೆಂದು ಗೇಣಿದಾರರು ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಯ ಪ್ರತಿ. ಒಂದು ಮಳೆಗಾಲದ ಸಂಜೆಗಳೆಲ್ಲ ಅದಕ್ಕೇ ಹೋದವು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ ಉಳುವವರಿಗೆ ಸಿಕ್ಕಿತಲ್ಲ, ಅಜ್ಜನ ಗದ್ದೆ ಹೋದದ್ದು ಹಾಗೆ. ಮಾವ ಆಗ ಹತ್ತು–ಹನ್ನೊಂದರ ಹುಡುಗ. ಅಪ್ಪನ ಜೊತೆ ಕಚೇರಿಯ ಜಗಲಿಯಲ್ಲಿ ದಿನವಿಡೀ ಕೂತು ಬರುತ್ತಿದ್ದರಂತೆ. ಇದನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಎದ್ದ 1951ರ ಕಾಗೋಡು ಸತ್ಯಾಗ್ರಹವೂ ನಮ್ಮ ತಾಲ್ಲೂಕಿನದೇ. ಆ ಕಥೆಯನ್ನು ನಾನು ಹೆಮ್ಮೆಯಿಂದ ಹೇಳುವಾಗಲೆಲ್ಲ ಅವರ ಮುಖ ಏಕೆ ಗಂಟಿಕ್ಕುತ್ತಿತ್ತು ಎಂದು ಅಂದು ತಿಳಿಯಿತು. ಉತ್ತವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೆಂದು ಇಂದಿಗೂ ಹೇಳುತ್ತೇನೆ. ಅವರ ಎದುರೇ ಹೇಳುತ್ತೇನೆ. ಮಾವ ರಸೀದಿಗಳನ್ನು ಕೂಡಿಸಿ, ‘ಇಷ್ಟು ವರ್ಷ ಇಷ್ಟು ಭತ್ತ ಅಳೆದಿದ್ದಾರೆ, ಅವರದೂ ಕಷ್ಟವೇ’ ಎಂದರು. ಮತ್ತೆ ಮರುದಿನ 2020ರ ತಿದ್ದುಪಡಿಯ ಪರವಾಗಿಯೇ ಮಾತಾಡಿದರು.

ನಡುವೆ ಇನ್ನೊಂದು ಪ್ರಯೋಗ. ಮತ ಎಣಿಕೆಯ ದಿನ ಒಟ್ಟಿಗೆ ಟಿ.ವಿ. ಮುಂದೆ ಕೂರುವುದು, ಗೆದ್ದವರ ಕಡೆಯವನು ಸೋತವನಿಗೆ ಇಷ್ಟವಾದದ್ದನ್ನು ಮಾಡಿಸುವುದು. 2023ರ ಮೇ 13ರಂದು ಕಾಂಗ್ರೆಸ್ಸಿಗೆ 135 ಸ್ಥಾನ ಬಂತು. ಹಲಸಿನ ಹಣ್ಣಿನ ಕಡುಬಿನ ಪಾತ್ರೆಯನ್ನು ನಾನು ಹೊತ್ತು ಹೋದೆ. ಮಾವ ಮೊದಲ ತುತ್ತನ್ನು ತಿನ್ನಲು ಅರ್ಧ ಗಂಟೆ ತೆಗೆದುಕೊಂಡರು. 2024ರ ಜೂನ್ 4ರಂದು ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಬಿಜೆಪಿ, ಜೆಡಿಎಸ್ ಸೇರಿ 19 ಗೆದ್ದವು. ನನಗೆ ತೊಡೆದೇವು ಬಂತು. ಸೋತ ದಿನ ಯಾರೂ ಫೋನ್ ಮಾಡಿ ಕೆಣಕಬಾರದು ಎಂಬ ನಿಯಮವನ್ನು ಮಾವನೇ ಸೇರಿಸಿದರು.

ಖರ್ಚಿನ ಲೆಕ್ಕಕ್ಕೆ ಬಂದರೆ, ನನ್ನ ಪಾಲಿನ ದೋಟಿಯ ಹಣ ಎರಡೇ ವರ್ಷದ ಕೂಲಿ ಉಳಿತಾಯದಲ್ಲಿ ಬಂದಿದೆ. ಮುಂದಿನ ಪರೀಕ್ಷೆ ಗ್ರಾಮ ಪಂಚಾಯಿತಿಯದು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ನಿಲ್ಲುವವರೆಲ್ಲ ನೆಂಟರೇ. ಅಲ್ಲಿಗೆ ಕಡುಬು ಸಾಲದು ಎಂದು ಮಾವ ಈಗಾಗಲೇ ಎಚ್ಚರಿಸಿದ್ದಾರೆ. ದೋಟಿಯ ಮೇಲಿನ ತುಂಡು ಬಿರುಕು ಬಿಟ್ಟಿದೆ, ಹೊಸದಕ್ಕೆ ಮತ್ತೆ ಅರ್ಧರ್ಧ ಹಾಕುವುದೆಂದು ತೀರ್ಮಾನವಾಗಿದೆ.