ಗರಿಷ್ಠ ಬೆಲೆ ಯಾರಿಗೆ ಸಿಕ್ಕಿತು?

2022ರಲ್ಲಿ ಕೋಲಾರದಲ್ಲಿ ಬಿ.ಎ.ಗೆ ಸೇರಿದಾಗ ಪತ್ರಿಕೋದ್ಯಮ, ಐಚ್ಛಿಕ ಕನ್ನಡ ಎರಡನ್ನೂ ಕಣ್ಣುಮುಚ್ಚಿ ಆರಿಸಿಕೊಂಡೆ. ತಲೆ ಕೆಡಿಸಿದ್ದು ಓಪನ್ ಎಲೆಕ್ಟಿವ್, ಅಂದರೆ ಮುಖ್ಯ ವಿಷಯಗಳ ಜೊತೆಗೆ ಆರಿಸಿಕೊಳ್ಳಬೇಕಿದ್ದ ಇನ್ನೊಂದು ಪೇಪರ್. ಅದು ಬೇರೆ ವಿಭಾಗದ್ದೇ ಆಗಬೇಕಿತ್ತು. ಮೂರನೇ ಸೆಮಿಸ್ಟರ್‌ಗೆ ಗೆಳತಿಯರು ಅಂಕ ಸುಲಭವಾಗಿ ಬೀಳುವ ಪೇಪರ್ ಹಿಡಿದರು, ನಾನು ಸಂಖ್ಯಾಶಾಸ್ತ್ರಕ್ಕೆ ಬರೆಸಿದೆ. "ಸುದ್ದಿ ಬರೆಯೋಳಿಗೆ ಲೆಕ್ಕ ಯಾಕಮ್ಮ?" ಅಂದರು ಅಪ್ಪ.

ಕಾರಣ ಅಪ್ಪನ ಟೊಮೆಟೊನೇ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿದ ಸುದ್ದಿ ಎಲ್ಲೆಲ್ಲೂ ಬಂತು. ನೆಂಟರು ಫೋನ್ ಮಾಡಿ "ಲಕ್ಷಾಧಿಪತಿ ಆದ್ರಲ್ಲ" ಅಂದರು. ಆವತ್ತು ನಮ್ಮ ಮಾಲು ಹೋಗಿದ್ದು 1,150ಕ್ಕೆ. ಸುದ್ದಿ ಸುಳ್ಳಲ್ಲ, ಆದರೆ ಅದು ನಮ್ಮ ಮನೆಯ ಸುದ್ದಿಯಾಗಿರಲಿಲ್ಲ.

ವರದಿಗಾರಿಕೆ ಅಸೈನ್‌ಮೆಂಟ್‌ಗೆ ಆ ಮಾರುಕಟ್ಟೆಯನ್ನೇ ಆರಿಸಿದೆ. ಬೆಳಿಗ್ಗೆ ಅಪ್ಪನ ಲೋಡ್ ಜೊತೆಗೇ ಹೋಗಿ, ಒಂದು ಮಂಡಿಯ ಮುಂದೆ ನಿಂತು, ಹರಾಜಾದ 31 ಲಾಟುಗಳ (ಒಟ್ಟಿಗೆ ಕೂಗುವ ಬಾಕ್ಸ್‌ಗಳ ಗುಂಪು) ಬೆಲೆ, ಬಾಕ್ಸ್ ಎಷ್ಟು ಅಂತ ಬರೆದುಕೊಂಡೆ. ಕೂಗುವವರ ವೇಗಕ್ಕೆ ಪೆನ್ನು ಓಡದೆ ಮೊದಲ ದಿನದ ಪುಟಗಳೆಲ್ಲ ಹಾಳು, ಮಾರನೇ ದಿನ ಗೆರೆ ಎಳೆದುಕೊಂಡು ಹೋದೆ. ಅತಿ ಹೆಚ್ಚು ಬೆಲೆ 520 ರೂಪಾಯಿ, ಸಿಕ್ಕಿದ್ದು ಬರೀ ಒಂಬತ್ತು ಬಾಕ್ಸ್‌ಗೆ! ಲಾಟುಗಳ ಲೆಕ್ಕದಲ್ಲಿ ಸರಾಸರಿ 340 ಬಂತು. ಪ್ರತಿ ಬೆಲೆಯನ್ನೂ ಬಾಕ್ಸ್ ಸಂಖ್ಯೆಯಿಂದ ಗುಣಿಸಿ, ಕೂಡಿ, ಒಟ್ಟು ಬಾಕ್ಸ್‌ಗಳಿಂದ ಭಾಗಿಸಿದರೆ 290ಕ್ಕೆ ಇಳಿಯಿತು. ದೊಡ್ಡ ಲೋಡ್‌ಗಳೇ ಕಡಿಮೆಗೆ ಹೋಗಿದ್ದವು. "ಟೊಮೆಟೊಗೆ ಒಳ್ಳೆ ಬೆಲೆ" ಎಂದಿದ್ದ ನನ್ನ ವರದಿಯ ಇಂಟ್ರೋಗೆ, ಅಂದರೆ ಆರಂಭದ ಸಾಲಿಗೆ, ಪತ್ರಿಕೋದ್ಯಮದ ಸರ್ ಗೆರೆ ಎಳೆದು, ಪಕ್ಕದಲ್ಲಿ "ಯಾರಿಗೆ?" ಅಂತ ಬರೆದುಕೊಟ್ಟರು.

ಆ ಒಂದೇ ನೋಟ್‌ಬುಕ್ ನನ್ನ ಸೆಮಿಸ್ಟರನ್ನೂ ಉಳಿಸಿತು. ಬೆಲೆಗಳು ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್‌ಗೆ, ಮಂಡಿಯವರು ಆಡುವ ಮಾತುಗಳು ಕನ್ನಡದ ಸೆಮಿನಾರ್‌ಗೆ. ಇಷ್ಟಾದರೂ ಒಂದು ಇಂಟರ್ನಲ್ಸ್ ಪರೀಕ್ಷೆ ಕೈತಪ್ಪಿತು: ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಕಲಿಕೆಗಾಗಿ ತರುವ ಪ್ರಾಯೋಗಿಕ ಪತ್ರಿಕೆಯ ಪುಟ ಮುಗಿಸಬೇಕಾದ ದಿನವೇ ಅದೂ ಇತ್ತು. ನಾನು ಎರಡು ದಿನಾಂಕಗಳನ್ನೂ ಬೇರೆ ಬೇರೆ ನೋಟ್ಸ್‌ನಲ್ಲಿ ಬರೆದಿಟ್ಟಿದ್ದೆ. ಈಗ ಸೆಮಿಸ್ಟರ್ ಶುರುವಾದ ವಾರವೇ ಎಲ್ಲಾ ವಿಷಯಗಳ ದಿನಾಂಕಗಳನ್ನು ಒಂದೇ ಹಾಳೆಗೆ ಇಳಿಸುತ್ತೇನೆ. ಒಂದರ ಮೇಲೊಂದು ಬಿದ್ದಿದ್ದರೆ ಆಗಲೇ ಮೇಷ್ಟ್ರ ಹತ್ತಿರ ಹೋಗಿ ಕೇಳುತ್ತೇನೆ. ಮುಂಚೆ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಹಿಂದಿನ ದಿನ ಕೇಳಿದರೆ ಯಾರೂ ಒಪ್ಪಲ್ಲ.

ಪ್ರಾಯೋಗಿಕ ಪತ್ರಿಕೆಯಲ್ಲಿ ಗರಿಷ್ಠ ಬೆಲೆಯ ಪಕ್ಕ ಅದು ಎಷ್ಟು ಬಾಕ್ಸ್‌ಗೆ ಸಿಕ್ಕಿತು ಅನ್ನೋದನ್ನೂ ಹಾಕಿಸಿದೆ. ಅಪ್ಪ ಆ ಪುಟವನ್ನು ಮಡಚಿ, ಮಂಡಿ ಚೀಟಿಗಳಿಡುವ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.