ಮೈಸೂರು ದಸರಾಕ್ಕೆ ಹೊರಟ ಹುಬ್ಬಳ್ಳಿ-ಧಾರವಾಡದವರಿಗೆ

ರೈಲಿನ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ವಾಪಸ್ ಟಿಕೆಟ್ ವಿಜಯದಶಮಿ ರಾತ್ರಿಗೆ ಮಾತ್ರ ಮಾಡಿಸಬೇಡಿ: ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿ ಆ ಗದ್ದಲದಲ್ಲಿ ಸ್ಟೇಷನ್ ಮುಟ್ಟುವುದು ಕಷ್ಟ. ಮರುದಿನದ್ದೇ ಇರಲಿ.

ಜಂಬೂಸವಾರಿಗೆ ಪಾಸ್ ಇಲ್ಲದವರು ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯೇ ಜಾಗ ಹಿಡಿಯಬೇಕು. 750 ಕೆಜಿಯ ಅಂಬಾರಿ ಹೊತ್ತ ಆನೆ ಬರುವುದು ಸ್ತಬ್ಧಚಿತ್ರಗಳೆಲ್ಲ ಸಾಗಿದ ಮೇಲೆ. ನಡುವೆ ಎದ್ದು ಹೋದರೆ ಜಾಗ ಹೋದಂತೆಯೇ. ಅದಕ್ಕೇ ನೀರು, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ತಲೆಗೊಂದು ಟವೆಲ್ ಜೊತೆಗಿರಲಿ.

ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಮೊದಲ ನಾಲ್ಕೈದು ದಿನಗಳಲ್ಲೇ ಹೋಗಿ ಬನ್ನಿ. ಅರಮನೆಯ ಸುಮಾರು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುವುದನ್ನು ಆ ಸಂಜೆಗಳಲ್ಲೂ ನೋಡಬಹುದು. ಅರಮನೆಯ ಒಳಗೂ ಆಗಲೇ ನೋಡಿ. ಆಯುಧಪೂಜೆ, ವಿಜಯದಶಮಿಗೆ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ.