ಫ್ಲೈ ಕಟ್ಟುವ ಮನಸ್ಸು ಮತ್ತೆ ಬಂದದ್ದು ಹೀಗೆ

ಮೀನು ಹಿಡಿಯುವ ಆಸೆ ಹಾಗೇ ಇತ್ತು, ಫ್ಲೈ (ಗಾಳಕ್ಕೆ ಗರಿ, ತುಪ್ಪಳ ಸುತ್ತಿ ಮಾಡುವ ಹುಳುವಿನ ನಕಲು) ಕಟ್ಟಲು ಕೂರೋಣ ಅಂದರೆ ಮಾತ್ರ ಮನಸ್ಸೇ ಬರುತ್ತಿರಲಿಲ್ಲ. ಈ ಹವ್ಯಾಸ ಇರುವವರಿಗೆ ಈ ಸ್ಥಿತಿ ಗೊತ್ತಿರುತ್ತದೆ. ಗರಿ ಇದೆ, ತುಪ್ಪಳ ಇದೆ, ಗಾಳ ಇದೆ, ಬಿಡುವೂ ಇದೆ, ಆದರೂ ಮೇಜಿನ ಹತ್ತಿರ ಹೋಗಿ ಸುಮ್ನೆ ವಾಪಸ್ ಬರುತ್ತೇವೆ. ಹುಮ್ಮಸ್ಸು ತಾನಾಗೇ ಬರಲಿ ಅಂತ ಕಾದೆ, ಬರಲಿಲ್ಲ. ಅದು ಬಂದದ್ದು ಮೇಜಿನ ಮೇಲಿನ ಸಾಮಾನು ಕಡಿಮೆ ಮಾಡಿದ ಮೇಲೆ.

ಮೊದಲು ಫ್ಲೈ ಡಬ್ಬಿ ತೆರೆದು ನಿಧಾನಕ್ಕೆ ನೋಡಿದೆ. ನಿಂಫ್‌ಗಳ, ಅಂದರೆ ನೀರಿನಡಿ ಬೆಳೆಯುವ ಮರಿಹುಳುವಿನಂಥ ಫ್ಲೈಗಳ, ಸಾಲು ಹೆಚ್ಚುಕಡಿಮೆ ಖಾಲಿ. ಉಳಿದವೂ ಟ್ರೌಟ್ ಮೀನಿನ ಹಲ್ಲು ತಾಗಿ ಎಳೆ ಬಿಟ್ಟಿದ್ದವು. ಪಕ್ಕದ ಸಾಲಿನಲ್ಲಿ, ಐದಾರು ಬಗೆಯ ಗರಿ, ಮಣಿ, ಮಿಂಚಿನ ಎಳೆ ಎಲ್ಲ ಹಾಕಿ ಕಟ್ಟಿದ ಫ್ಲೈಗಳು ಒಂದು ಹನಿ ನೀರೂ ಕಾಣದೆ ಹಾಗೇ ಕೂತಿದ್ದವು. ಕಷ್ಟಪಟ್ಟು ಕಟ್ಟುತ್ತಿದ್ದದ್ದು ಒಂದು, ನೀರಿಗೆ ಹಾಕುತ್ತಿದ್ದದ್ದು ಇನ್ನೊಂದು. ಬೇಡದ್ದನ್ನು ಕಟ್ಟಲು ಕೈ ಯಾಕೆ ಏಳಬೇಕು, ಅಲ್ವಾ?

ಹಾಗಾಗಿ ಖಾಲಿ ಸಾಲಿಗೆ ಬೇಕಾದ ಒಂದೇ ಒಂದು ಫ್ಲೈ ಆರಿಸಿಕೊಂಡೆ. ಫ್ರಾಂಕ್ ಸಾಯರ್ ಅವರ ಫೆಸೆಂಟ್ ಟೇಲ್ ನಿಂಫ್. ಸಾಯರ್ ಇಂಗ್ಲೆಂಡಿನ ಏವನ್ ನದಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು, ನೀರಿನ ಹುಳುಗಳನ್ನು ವರ್ಷಗಟ್ಟಲೆ ಗಮನಿಸಿದವರು. ಅವರ ಮೂಲ ಫ್ಲೈಗೆ ಬೇಕಾದದ್ದು ಎರಡೇ ವಸ್ತು: ಗಂಡು ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆಗಳು ಮತ್ತು ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ದಾರ ಇಲ್ಲ, ಹ್ಯಾಕಲ್ (ಸುತ್ತಲು ಬಳಸುವ ಕೋಳಿಯ ಗರಿ) ಇಲ್ಲ, ಅಂಟೂ ಇಲ್ಲ. ತಂತಿಯೇ ದಾರದ ಕೆಲಸ ಮಾಡುತ್ತದೆ, ಅದೇ ಭಾರವಾಗಿ ಫ್ಲೈಯನ್ನು ಮುಳುಗಿಸುತ್ತದೆ. ಕಾಲುಗಳನ್ನು ಅವರು ಬೇಕಂತಲೇ ಕಟ್ಟದೆ ಬಿಟ್ಟರು, ಯಾಕೆಂದರೆ ಈಜುವ ನಿಂಫ್ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಅನ್ನುವುದನ್ನು ಅವರು ಕಣ್ಣಾರೆ ನೋಡಿದ್ದರು. ನನಗೆ ಇದು ತುಂಬಾ ಹಿಡಿಸಿದ ಮಾತು. ಒಬ್ಬ ಮನುಷ್ಯ ಹುಳುವನ್ನು ಅಷ್ಟು ಚೆನ್ನಾಗಿ ನೋಡಿದ್ದರಿಂದಲೇ ಅಷ್ಟು ಕಡಿಮೆ ಕಟ್ಟಲು ಸಾಧ್ಯವಾಯಿತು.

ಉಳಿದ ಎಲ್ಲ ಸಾಮಾನನ್ನು ಪೆಟ್ಟಿಗೆಗೆ ಹಾಕಿ ಇನ್ನೊಂದು ಕೋಣೆಯಲ್ಲಿಟ್ಟೆ. ಮೇಜಿನ ಮೇಲೆ ವೈಸ್ (ಗಾಳವನ್ನು ಹಿಡಿದಿಡುವ ಇಕ್ಕಳ), ಕತ್ತರಿ, ಒಂದು ಗರಿ, ಒಂದು ಸುರುಳಿ ತಂತಿ, 14ನೇ ನಂಬರಿನ ಗಾಳಗಳು, ಅಷ್ಟೇ. ಕಟ್ಟುವ ಕ್ರಮವೂ ಸರಳ. ಗಾಳದ ಮೇಲೆ ತಂತಿ ಸುತ್ತಿ, ಎದೆಯ ಭಾಗದಲ್ಲಿ ಒಂದು ಸಣ್ಣ ಉಬ್ಬು ಮಾಡಿ, ತಂತಿಯನ್ನು ಹಿಂದಕ್ಕೆ ತರಬೇಕು. ನಾಲ್ಕು ಎಳೆಗಳನ್ನು ಕಟ್ಟಿದರೆ ಅವುಗಳ ತುದಿಯೇ ಬಾಲ ಆಗುತ್ತದೆ. ಆಮೇಲೆ ಎಳೆ ಮತ್ತು ತಂತಿಯನ್ನು ಒಟ್ಟಿಗೆ ಹೊಸೆದು ಮುಂದಕ್ಕೆ ಸುತ್ತುತ್ತಾ ಹೋಗಬೇಕು. ಬರೀ ಎಳೆ ಸುತ್ತಿದರೆ ಮೀನಿನ ಹಲ್ಲಿಗೆ ಬೇಗ ಹರಿಯುತ್ತದೆ, ತಂತಿಯ ಜೊತೆ ಹೊಸೆದರೆ ಗಟ್ಟಿ. ಎದೆಯ ಹತ್ತಿರ ಎರಡನ್ನೂ ಬೇರೆ ಮಾಡಿ, ಎಳೆಗಳನ್ನು ಹಿಂದೆ ಮುಂದೆ ಮಡಚಿ ತಂತಿಯಲ್ಲಿ ಬಿಗಿದು ಮುಗಿಸುವುದು. ಜೋರಾಗಿ ಎಳೆದರೆ ತಂತಿ ತುಂಡಾಗುತ್ತದೆ, ಸಡಿಲ ಬಿಟ್ಟರೆ ಮೈ ಜಾರುತ್ತದೆ. ಆ ಹದ ಬೆರಳಿಗೆ ಸಿಗುವಾಗ ಬೇರೆ ಯೋಚನೆ ಬರುವುದಿಲ್ಲ.

ಒಂದು ಕೂತಲ್ಲಿ ಒಂದೇ ಫ್ಲೈ ಅಂತ ಇಟ್ಟುಕೊಂಡೆ. ಬೇಕೆನಿಸಿದರೆ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿ ಬರುವುದನ್ನು ನೋಡಿದ ಮೇಲೆ ಮೂರನೆಯದನ್ನು ಬಿಡಲು ಮನಸ್ಸಾಗುತ್ತಿರಲಿಲ್ಲ. ದಿನಕ್ಕೊಂದು ಹೊಸ ಬಗೆ ಕಟ್ಟುವವರಿಗೆ ಈ ಖುಷಿ ಸಿಗುವುದು ಕಡಿಮೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಏಳುವ ಮೊದಲು ಮುಂದಿನ ಗಾಳವನ್ನು ವೈಸ್‌ಗೆ ಸಿಕ್ಕಿಸಿ, ತಂತಿಯ ಮೊದಲ ಸುತ್ತು ಹಾಕಿ ಬಿಡುತ್ತಿದ್ದೆ. ಮರುದಿನ ಶುರು ಮಾಡುವ ಗೋಜೇ ಇರಲಿಲ್ಲ, ಮುಂದುವರಿಸಿದರೆ ಸಾಕಿತ್ತು.

ಇನ್ನೊಂದು ವಿಷಯ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಬೇಜಾರು ಅನಿಸುತ್ತಿದ್ದದ್ದರಲ್ಲಿ ಒಳ್ಳೇ ಪಾಲು ಕಣ್ಣಿನ ದಣಿವು. ಗಾಳದ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು, 18, 20ಕ್ಕೆ ಹೋದರೆ ಕಣ್ಣು ಕಿರಿದು ಮಾಡಿಕೊಂಡೇ ಕೂರಬೇಕಾಗುತ್ತದೆ, ಕತ್ತು ಮುಂದಕ್ಕೆ ಬಾಗುತ್ತದೆ, ಅರ್ಧ ಗಂಟೆಗೆ ತಲೆ ಭಾರವಾಗಿ ಇದೆಲ್ಲ ಯಾಕೆ ಬೇಕು ಅನಿಸಿಬಿಡುತ್ತದೆ. ದೀಪವನ್ನು ಹತ್ತಿರಕ್ಕೆ ತಂದೆ, ವೈಸ್ ಹಿಂದೆ ತಿಳಿ ಬಣ್ಣದ ಒಂದು ರಟ್ಟು ನಿಲ್ಲಿಸಿದೆ, ಭೂತಗನ್ನಡಿ ಬಳಸಿದೆ. ವೈಸ್ ಎತ್ತರ ಸರಿ ಮಾಡಿದ ಮೇಲೆ ಬೆನ್ನೂ ನೆಟ್ಟಗಾಯಿತು. ನಿಮಗೆ ಆಸೆ ಹೋಗಿದೆ ಅನಿಸಿದರೆ ದಯವಿಟ್ಟು ಮೊದಲು ದೀಪ ನೋಡಿ.

ಸಣ್ಣ ಗಾಳ ಸಾಕೆನಿಸಿದ ದಿನ 8ನೇ ನಂಬರಿನ ಉದ್ದ ಗಾಳಕ್ಕೆ ವೂಲಿ ಬಗರ್ ಅನ್ನುವ ದೊಡ್ಡ ಫ್ಲೈ ಕಟ್ಟುತ್ತೇನೆ. ಮೆತ್ತನೆಯ ಮ್ಯಾರಬೂ ಗರಿಯ ಬಾಲ, ಶನಿಲ್ ಅನ್ನುವ ನವಿರಾದ ನೂಲಿನ ಮೈ, ಮೇಲೆ ಉದ್ದಕ್ಕೂ ಸುತ್ತಿದ ಹ್ಯಾಕಲ್. ಕೈ ಸಲೀಸಾಗಿ ಓಡುತ್ತದೆ.

ಬೇರೆಯವರು ಕಟ್ಟುವ ವಿಡಿಯೋ ನೋಡುವುದನ್ನು ಆ ಸಮಯದಲ್ಲಿ ಪೂರ್ತಿ ಬಿಟ್ಟಿದ್ದೆ. ನೋಡಿ ಮುಗಿಸುವಷ್ಟರಲ್ಲಿ ಕಟ್ಟಿದಷ್ಟೇ ತೃಪ್ತಿ ಆಗಿಬಿಡುತ್ತದೆ, ಕೈ ಮಾತ್ರ ಖಾಲಿ.

ಈಗ ಆಡಮ್ಸ್ ಅನ್ನುವ ಡ್ರೈ ಫ್ಲೈ (ನೀರಿನ ಮೇಲೆ ತೇಲುವ ಫ್ಲೈ) ಹಿಡಿದಿದ್ದೇನೆ. 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ ಫ್ಲೈ ಇದು. ಕಂದು ಮತ್ತು ಗ್ರಿಝ್ಲಿ (ಕಪ್ಪು-ಬಿಳಿ ಪಟ್ಟೆಯ) ಹ್ಯಾಕಲ್ ಬೆರೆಸಿ ಸುತ್ತಬೇಕು, ಗ್ರಿಝ್ಲಿ ತುದಿಗಳಿಂದ ರೆಕ್ಕೆ ನಿಲ್ಲಿಸಬೇಕು. ಈ ರೆಕ್ಕೆಗಳು ಸುಲಭಕ್ಕೆ ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ಪೂರ್ತಿ ಫ್ಲೈ ಕಟ್ಟುವ ಯೋಚನೆಯನ್ನೇ ಸದ್ಯಕ್ಕೆ ಬಿಟ್ಟು, ಒಂದು ಗಾಳದ ಮೇಲೆ ಬರೀ ರೆಕ್ಕೆ ಕಟ್ಟುತ್ತೇನೆ, ಬ್ಲೇಡಿನಲ್ಲಿ ಕೆರೆದು ತೆಗೆಯುತ್ತೇನೆ, ಅದೇ ಗಾಳಕ್ಕೆ ಮತ್ತೆ ಕಟ್ಟುತ್ತೇನೆ. ಎರಡೂ ರೆಕ್ಕೆ ಸಮ ಎತ್ತರಕ್ಕೆ ನಿಲ್ಲಲು ಶುರುವಾದ ಮೇಲೆ ಬಾಲ, ಮೈ, ಹ್ಯಾಕಲ್ ಸೇರಿಸುವುದು.